ಕೊಳ್ಳ ಹರಿಯುವ ಹೊತ್ತು

ಸೋಮವಾರ ಸಿದ್ದರಾಮ ಎತ್ತು ಹೂಡುತ್ತಿರಲಿಲ್ಲ. ಎತ್ತು ಮಾರಿ, ಹೊಲವನ್ನು ಅಣ್ಣನಿಗೆ ಬಿಟ್ಟು, ವಿಜಯಪುರಕ್ಕೆ ಬಂದು ಬಾಡಿಗೆ ಮನೆ ಹಿಡಿದ ಮೇಲೂ ಹೂಡುತ್ತಿರಲಿಲ್ಲ. ಎತ್ತೇ ಇಲ್ಲದವನು ಏನನ್ನು ಹೂಡುತ್ತಾನೆ ಎಂದು ಯಾರಾದರೂ ಕೇಳಬಹುದು. ಅವನ ಎತ್ತು ಫೋನಿನೊಳಗಿತ್ತು. ಶೇರು ಪೇಟೆಯಲ್ಲಿ ಆಪ್ಶನ್ ಮಾಡುತ್ತಿದ್ದ.

ಹೆಂಡತಿ ನೀಲಾಬಾಯಿ ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಆಪ್ಶನ್ ಅಂದರೇನು ಎಂದು ಅವಳಿಗೆ ಪೂರಾ ತಿಳಿದದ್ದು ಎಂದೂ ಇಲ್ಲ. ಎತ್ತು ಗೊತ್ತಿತ್ತು, ನೊಗ ಗೊತ್ತಿತ್ತು, ಗಂಡ ಗೊತ್ತಿದ್ದ. ಅವನೂ ತನ್ನ ವ್ಯವಹಾರವನ್ನು ಅವಳಿಗೆ ಎತ್ತಿನ ಮಾತಿನಲ್ಲೇ ಹೇಳುತ್ತಿದ್ದ. ಬೇರೆ ಮಾತು ಅವನಿಗೂ ಬರುತ್ತಿರಲಿಲ್ಲ.

ಬಬಲೇಶ್ವರದ ಕರಿ ಮಣ್ಣಿನಲ್ಲಿ ಹುಟ್ಟಿದವನು. ಆ ಕಡೆ ಸೋಮವಾರ ಬಸವಣ್ಣನ ವಾರ. ಎಷ್ಟೇ ಅವಸರವಿದ್ದರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋದಲಿಗೆ ಜೋಳದ ಕಣಿಕೆ ಹಾಕಿ ಬಿಡುತ್ತಾರೆ. ಎತ್ತು ದಿನವಿಡೀ ಮೆಲುಕು ಹಾಕಿಕೊಂಡು ನಿಂತಿರುತ್ತದೆ.

ಸಿದ್ದರಾಮ ಮೀಸೆ ಬಂದ ವಯಸ್ಸಿನಲ್ಲಿ ಒಮ್ಮೆ ಆ ಮಾತು ಮೀರಿದ. ಹಿಂಗಾರಿ ಬಿತ್ತನೆಯ ಕಾಲ. ಮಳೆ ತಡವಾಗಿ ಬಿದ್ದು ನೆಲದ ಹಸಿ ಆರತೊಡಗಿತ್ತು. ಅಪ್ಪ ಶಂಕ್ರೆಪ್ಪ ಬೀಗರ ಊರಿಗೆ ಸತ್ತವರ ಮಣ್ಣಿಗೆ ಹೋಗಿದ್ದ. ಮಗ ಸೋಮವಾರ ಮುಂಜಾನೆ ಕೂರಿಗೆ ಹೂಡಿದ. ಮಧ್ಯಾಹ್ನದೊಳಗೆ ಬದುವಿನ ಪಕ್ಕದ ಹಳೆಯ ಬಿಲದಲ್ಲಿ ಬಲಗಡೆಯ ಎತ್ತು ಕಾಲಿಟ್ಟು ಮುರಿದುಕೊಂಡಿತು. ಅದು ಮತ್ತೆ ಏಳಲಿಲ್ಲ. ಸಂಜೆ ಬಂದ ಶಂಕ್ರೆಪ್ಪ ಮಗನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. "ಎತ್ತಿಗಿ ಬಾಯಿ ಇದ್ದಿದ್ರ ಇವತ್ತ ಯಾವ ವಾರ ಅಂತ ನಿನಗ ಹೇಳತಿತ್ತು" ಎಂದ. ಅಷ್ಟೇ. ಆಮೇಲೆ ತಾನೇ ಸಲಿಕೆ ತೆಗೆದುಕೊಂಡು ಬದುವಿನಲ್ಲಿ ಕುಣಿ ತೋಡಿದ.

ಮದುವೆಯಾದ ಹೊಸತರಲ್ಲಿ ಸಿದ್ದರಾಮ ಹೆಂಡತಿಗೆ ಮೊದಲು ಹೇಳಿದ ಸಂಗತಿ ಇದೇ. ಬೇರೆ ಗಂಡಸರು ಬೇರೆ ಏನೇನೋ ಹೇಳುತ್ತಾರೆ. ಇವನು ಸತ್ತ ಎತ್ತಿನ ಮಾತು ಹೇಳಿದ.

ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಸಾಲದಾಯಿತು. ಸಿದ್ದರಾಮ ತಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟ. ಸುತ್ತಲೂ ದ್ರಾಕ್ಷಿ ತೋಟಗಳು. ಪೈಪು ಒಡೆಯುವುದು, ನಳ ಕಟ್ಟಿಕೊಳ್ಳುವುದು, ಫಿಲ್ಟರಿನಲ್ಲಿ ಪಾಚಿ ಕೂಡುವುದು ದಿನಾ ಇದ್ದದ್ದೇ. ಅಂಗಡಿ ನಡೆಯಿತು. ಮಗಳು ನಂದಾಳ ಸಾಲೆಗೆಂದು ವಿಜಯಪುರದಲ್ಲಿ ಮನೆ ಹಿಡಿದರು. ಮಗಳ ಮದುವೆಯಾಗಿ ಅವಳು ಗಂಡನ ಮನೆಗೆ ಹೋದ ಮೇಲೂ ಅಲ್ಲೇ ಉಳಿದರು. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಒಂದು ಸಣ್ಣ ಜಾಗ ಕೊಂಡು ಪಾಯ ತುಂಬಿಸಿದರು. ತಿಕೋಟಾದ ಬಸ್ಸು ಅದರ ಮುಂದೆಯೇ ಹಾಯುತ್ತದೆ. ಹೋಗುವಾಗ ಬರುವಾಗ ಸಿದ್ದರಾಮ ಕಿಟಕಿಯಿಂದ ಆ ಪಾಯ ನೋಡುತ್ತಿದ್ದ. "ಇವತ್ತ ನಮ್ಮ ಅಡಗಿ ಮನ್ಯಾಗ ಒಂದ ನಾಯಿ ಮಲಗಿತ್ತು ನೋಡು" ಎಂದು ಸಂಜೆ ಬಂದು ಹೇಳುತ್ತಿದ್ದ. ಗೋಡೆ ಇಲ್ಲದಿದ್ದರೂ ಅವನಿಗೆ ಅಡಿಗೆ ಮನೆ ಯಾವುದು, ದೇವರ ಮೂಲೆ ಯಾವುದು ಎಂದು ಕಾಣುತ್ತಿತ್ತು.

ಕೊರೊನಾ ಬಂದು ಅಂಗಡಿ ಮುಚ್ಚಿಸಿದ ವರ್ಷ ಅವನಿಗೆ ಶೇರಿನ ಗೀಳು ಹತ್ತಿತು. ಹಚ್ಚಿದವನು ಅಣ್ಣನ ಮಗ ಚೇತನಕುಮಾರ. ಗೋಳಗುಮ್ಮಟದ ಹತ್ತಿರ ಅವನದೊಂದು ಮೊಬೈಲ್ ಅಂಗಡಿ. ಕಾಕಾನ ಫೋನಿನಲ್ಲಿ ಎಲ್ಲ ಹಾಕಿಕೊಟ್ಟ, ಏರುವ ಇಳಿಯುವ ಗೆರೆಗಳನ್ನು ತೋರಿಸಿಕೊಟ್ಟ.

ನೀಲಾಬಾಯಿ ರೊಟ್ಟಿ ಬಡಿಯುತ್ತಾ ಕೇಳಿದಳು. "ಏನ್ರಿ ಅದು, ದಿನಪೂರ್ತಿ ನೋಡಾಕತ್ತೀರಿ?"

"ಇಸಾರದ ವ್ಯಾಪಾರ" ಎಂದ. "ತ್ವಾಟದ ದ್ರಾಕ್ಷಿಗಿ ವ್ಯಾಪಾರಿ ಮೊದ್ಲ ಇಸಾರ ಕೊಟ್ಟು ರೇಟ್ ಗಟ್ಟಿ ಮಾಡ್ತಾನಲ್ಲ, ಹಂಗ. ರೇಟ್ ಏರಿದ್ರ ಅವಗ ಲಾಭ. ಏರಲಿಲ್ಲಂದ್ರ ಇಸಾರ ಹೋತು."

"ಇಸಾರ ಕೊಡೂದು ಚಲೋನೋ, ಇಸಗೊಳ್ಳೂದು ಚಲೋನೋ?"

ಸಿದ್ದರಾಮ ನಕ್ಕ. "ಅದನ್ನ ಕಲಿಯಾಕ ಹತ್ತೀನಿ ನೋಡು."

ಕಲಿಯುವುದಕ್ಕೆ ರೊಕ್ಕ ಹೋಯಿತು. ಮೊದಮೊದಲು ಇಸಾರ, ಅಂದರೆ ಮುಂಗಡ, ಕೊಡುವವನಾಗಿದ್ದ. ಇಸಾರಕ್ಕೆ ಗಡುವು ಇರುತ್ತದೆ. ಗಡುವು ಹತ್ತಿರ ಬಂದಂತೆ ಅದು ಬಿಸಿಲಿಗಿಟ್ಟ ಐಸಿನಂತೆ ಕರಗುತ್ತದೆ. ಪೇಟೆ ಏರಿದರೂ ತಡವಾಗಿ ಏರಿದರೆ ಕೈಯಲ್ಲಿ ನೀರು. ಹೀಗೆ ಕರಗಿಸಿಕೊಂಡು ಕರಗಿಸಿಕೊಂಡು, ಕೊನೆಗೆ ಇಸಾರ ಇಸಿದುಕೊಳ್ಳುವ ಕಡೆಗೆ ಬಂದು ನಿಂತ. ಇಲ್ಲಿ ದಿನಾ ಚೂರು ಚೂರು ಸಿಗುತ್ತದೆ. ಆದರೆ ಇದು ಜಾಮೀನು ನಿಂತ ಹಾಗೆ. ಪೇಟೆ ಇಷ್ಟರ ಕೆಳಗೆ ಇಳಿಯುವುದಿಲ್ಲ ಎಂದು ಮಾತು ಕೊಟ್ಟು ರೊಕ್ಕ ಇಸಿದುಕೊಂಡಿರುತ್ತಾನೆ. ಇಳಿದರೆ ಇಳಿದಷ್ಟೂ ತಾನೇ ತುಂಬಬೇಕು.

ಅದಕ್ಕೇ ಕಟ್ಟು ಹಾಕಿಕೊಂಡ. ಯಾವ ಗುರುವೂ ಹೇಳಿದ್ದಲ್ಲ, ಹೊಲದಿಂದ ತಂದದ್ದು.

ಬಿತ್ತುವ ಕಾಳು ಬೇರೆ, ಉಣ್ಣುವ ಕಾಳು ಬೇರೆ. ಶೇರಿನ ರೊಕ್ಕಕ್ಕೂ ಅಂಗಡಿ, ಮನೆ, ಪಾಯದ ರೊಕ್ಕಕ್ಕೂ ಸಂಬಂಧ ಇಡಲಿಲ್ಲ. ಎತ್ತು ಎಡವಿದರೆ ಅಲ್ಲೇ ನಿಲ್ಲಿಸಬೇಕು ಎನ್ನುತ್ತಿದ್ದ. ಸಣ್ಣ ಪೆಟ್ಟಿಗೇ ಹೊರಗೆ ಬರುವಂತೆ ಮುಂಜಾನೆಯೇ ಫೋನಿನಲ್ಲಿ ಗೂಟ ಹೊಡೆದಿಡುತ್ತಿದ್ದ, ಅದಕ್ಕೆ ಸ್ಟಾಪ್‌ಲಾಸ್ ಎನ್ನುತ್ತಾರಂತೆ. ಹೊತ್ತು ಮುಳುಗುವುದರೊಳಗೆ ಕೊಳ್ಳ ಹರಿಯಬೇಕು. ಕೊಳ್ಳ ಹರಿಯುವುದು ಅಂದರೆ ಎತ್ತಿನ ಕೊರಳಿಗೆ ಕಟ್ಟಿದ ನೊಗದ ಹಗ್ಗ ಬಿಚ್ಚಿ ಬಿಡುವುದು. ಮೂರೂವರೆಗೆ ಪೇಟೆ ಮುಚ್ಚುವ ಮೊದಲೇ ಎಲ್ಲ ವ್ಯವಹಾರ ಮುಗಿಸಿ ಬರಿಗೈ ಆಗುತ್ತಿದ್ದ. ಇನ್ನು ಸೋಮವಾರ. ಸೋಮವಾರ ಫೋನು ಗೋಡೆಯ ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇರುತ್ತಿತ್ತು. ಗಿರಾಕಿಗಳು ಹೆಂಡತಿಯ ಫೋನಿಗೆ ಮಾಡುತ್ತಿದ್ದರು.

ಚೇತನನಿಗೆ ಇದು ನಗೆ. "ಕಾಕಾ, ಪೇಟಿಗಿ ಸೋಮವಾರ ಮಂಗಳವಾರ ಏನೂ ಗೊತ್ತಿಲ್ಲರಿ."

"ಪೇಟಿಗಿ ಗೊತ್ತಿಲ್ಲ. ನನಗ ಗೊತ್ತೈತಿ."

"ರಾತ್ರಿ ಇಟ್ಕೊಂಡ್ರ ಹೆಚ್ಚಿಗಿ ಸಿಗತೈತಿ. ಕೆಳಗ ದೂರದ್ದಕ್ಕ ನೀವೂ ಒಂದ ಇಸಾರ ಕೊಟ್ಟು ಇಡ್ರಿ. ಮಳಿಗಿ ಕೊಡಿ ಇದ್ದಂಗ ಅದು. ಎಷ್ಟ ಬಿದ್ರೂ ಪೆಟ್ಟ ಅಲ್ಲಿಗೇ ನಿಲ್ಲತೈತಿ."

"ಸಂಜಿಕ ಮನಿಗಿ ಬರಾವಗ ಕೊಡಿ ಯಾಕ ಬೇಕಪಾ. ಹೊರಗ ಮಲಗಾವಗ ಬೇಕು."

ಒಂದು ಕಟ್ಟಿನ ಮೇಲೆ ಇನ್ನೊಂದು ಕಟ್ಟು ನಿಂತಿತ್ತು. ಸಂಜೆ ಕೊಳ್ಳ ಹರಿಯುತ್ತೇನೆ, ಆದ್ದರಿಂದ ಕೊಡೆ ಬೇಡ. ಕೊಡೆ ಇಲ್ಲ, ಆದ್ದರಿಂದ ಸಂಜೆ ಹರಿಯಲೇಬೇಕು. ಪೇಟೆ ಮುಚ್ಚುವ ಮುಂಚೆ ವ್ಯವಹಾರ ನಡೆಸಿಕೊಡುವ ಕಂಪನಿಯವರೇ ತಾವಾಗಿ ಮುಗಿಸಿಬಿಡುವ ಬಗೆಯೂ ಒಂದಿತ್ತು. ಅದನ್ನೂ ಒಲ್ಲೆ ಎಂದ. ನನ್ನ ಎತ್ತಿನ ಕೊಳ್ಳ ಮಂದಿ ಯಾಕೆ ಹರಿಯಬೇಕು ಎಂದ.

ವರ್ಷಗಟ್ಟಲೆ ಹೀಗೇ ನಡೆಯಿತು. ದೊಡ್ಡದೇನೂ ಗಳಿಸಲಿಲ್ಲ, ದೊಡ್ಡದೇನೂ ಕಳೆಯಲಿಲ್ಲ. ಅಂಗಡಿಯ ಪಕ್ಕದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಸೈಫುದ್ದೀನ ಚಹಾ ಕುಡಿಯುತ್ತಾ ಕಾಲೆಳೆಯುತ್ತಿದ್ದ. "ಸಿದ್ರಾಮಣ್ಣ, ನಿಂದು ಮಠದ ವ್ಯಾಪಾರ ನೋಡು. ಸೋಮವಾರ ಉಪಾಸ, ದಿನಾ ಸಂಜಿಕ ಮಂಗಳಾರತಿ. ಸ್ವಾಮಿಗೋಳು ಇದರಾಗ ಸಾವಕಾರ ಆಗೂದು ಯಾವಾಗ?"

"ಸಾವಕಾರ ಆಗೂ ಹುಡುಗರು ಅಲ್ಲಿ ಕುಂತಾರ ನೋಡು" ಎಂದು ಸಿದ್ದರಾಮ ಬಸ್‌ಸ್ಟ್ಯಾಂಡಿನ ಕಟ್ಟೆ ತೋರಿಸುತ್ತಿದ್ದ. ಅಲ್ಲಿ ಫೋನು ಹಿಡಿದ ಹುಡುಗರು ಕುಳಿತಿರುತ್ತಿದ್ದರು. ಕೆಲವರು ರೊಕ್ಕ ಕಳೆದುಕೊಂಡ ಮೇಲೆ ಇವನ ಹತ್ತಿರವೇ ಬರುತ್ತಿದ್ದರು. ಇವನು ಎರಡೇ ಮಾತು ಕೇಳುತ್ತಿದ್ದ. ಬಿತ್ತುವ ಕಾಳು ಹಾಕಿದೆಯೋ ಉಣ್ಣುವ ಕಾಳು ಹಾಕಿದೆಯೋ. ಸಂಜೆ ಕೊಳ್ಳ ಹರಿದೆಯೋ ಇಲ್ಲವೋ. ಹುಡುಗರು ತಲೆ ತಗ್ಗಿಸುತ್ತಿದ್ದರು.

ಆ ಶುಕ್ರವಾರ ಬೇಸಿಗೆಯ ಶುಕ್ರವಾರ. ಮುಂಜಾನೆ ಎಂದಿನಂತೆ ಹೂಡಿದ್ದ. ಮಧ್ಯಾಹ್ನ ಹೊನವಾಡದಿಂದ ಭೀಮಾಶಂಕರನ ಫೋನು ಬಂತು. ತೋಟದ ದೊಡ್ಡ ಪೈಪು ಒಡೆದು, ಬಾವಿಯ ನೀರೆಲ್ಲ ರಸ್ತೆಗೆ ಹೋಗುತ್ತಿದೆ, ಬಳ್ಳಿ ಒಣಗುತ್ತಿದೆ ಎಂದ. ಹಳೆಯ ಗಿರಾಕಿ, ಇಲ್ಲ ಎನ್ನಲಾಗಲಿಲ್ಲ. ಒಂದು ತಾಸಿನ ಕೆಲಸ ಎಂದುಕೊಂಡು ಸಿದ್ದರಾಮ ಬಸ್ಸು ಹತ್ತಿದ. ಫೋನು ಚೀಲದಲ್ಲಿ, ಚೀಲ ಬೇವಿನ ಟೊಂಗೆಯಲ್ಲಿ, ಸಿದ್ದರಾಮ ಕೆಸರಿನ ಕುಣಿಯಲ್ಲಿ. ಪೈಪು ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಕೈ ತೊಳೆದುಕೊಂಡು ಮೇಲೆ ಬಂದಾಗ ನೆರಳು ಉದ್ದವಾಗಿತ್ತು. ಪೇಟೆ ಮುಚ್ಚಿತ್ತು. ಮುಂಜಾನೆ ಹೊಡೆದ ಗೂಟ ಆ ದಿನದ್ದು, ಪೇಟೆಯ ಜೊತೆಗೆ ಅದೂ ಕಿತ್ತು ಹೋಯಿತು. ಎತ್ತು ನೊಗದಲ್ಲೇ ಉಳಿಯಿತು.

ಮನೆಗೆ ಬಂದವನು ಹೆಂಡತಿಗೆ ಏನೂ ಹೇಳಲಿಲ್ಲ. ಶನಿವಾರ ರೊಟ್ಟಿ ಮುರಿದಿಟ್ಟು ಎದ್ದ. ಭಾನುವಾರ ಟಿವಿಯಲ್ಲಿ ಯಾವುದೋ ದೂರದ ದೇಶದ ಸುದ್ದಿ ನೋಡುತ್ತಾ ಕುಳಿತ. ಅವನು ಸುದ್ದಿ ನೋಡುವವನಲ್ಲ. ನೀಲಾಬಾಯಿ ಹೊಟ್ಟೆ ಸರಿ ಇಲ್ಲವೇನೋ ಎಂದು ಅಜವಾನದ ನೀರು ಕೊಟ್ಟಳು. ಕುಡಿದ.

ಸೋಮವಾರ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಫೋನನ್ನು ಮಾಡದಲ್ಲಿಟ್ಟ. ಅಂಗಡಿಗೆ ಹೋಗಲಿಲ್ಲ. ಮಾಡದ ಕೆಳಗೆ ಗೋಡೆಗೆ ಆತು ಕುಳಿತ. ಒಂಬತ್ತು ಹೊಡೆದು ಸ್ವಲ್ಪ ಹೊತ್ತಿಗೆ ಫೋನು ರಿಂಗಾಗತೊಡಗಿತು. ನಿಂತಿತು, ಮತ್ತೆ ರಿಂಗಾಯಿತು. ಎತ್ತಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಗಾಡಿ ನಿಂತ ಸಪ್ಪಳವಾಗಿ ಚೇತನ ಒಳಗೆ ಬಂದ. ಚಪ್ಪಲಿ ಬಿಡುವುದನ್ನೂ ಮರೆತಿದ್ದ.

"ಕಾಕಾ, ಪೇಟಿ ಕುಸಿದೈತಿ. ನಿಮ್ಮದು ಶುಕ್ರವಾರದ್ದು ತಗದಿಲ್ಲ ಅಂದಿದ್ರಿ, ಇನ್ನೂ ಹಂಗ ಐತೇನು?"

"ಐತಿ."

"ತಗೀರಿ ಮತ್ತ. ಈಗ ತಗೀರಿ."

"ಇವತ್ತ ಸೋಮವಾರ."

"ನೀವು ಮುಟ್ಟಬ್ಯಾಡ್ರಿ. ನಾ ಒತ್ತತೀನಿ, ಪಾಪ ನನಗಿರಲಿ."

"ನೀ ಒತ್ತಿದ್ರೂ ಎತ್ತು ನಂದ ಐತಿ."

ಚೇತನ ಚಿಗವ್ವನ ಮುಖ ನೋಡಿದ. ನೀಲಾಬಾಯಿ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಅಡಿಗೆ ಮನೆಯಿಂದ ಬಂದಳು. ಅವಳಿಗೆ ತಿಳಿದದ್ದು ಇಷ್ಟೇ: ಮೂರು ರಾತ್ರಿಯಿಂದ ಎತ್ತು ನೊಗ ಹೊತ್ತು ನಿಂತಿದೆ.

"ಶುಕ್ರವಾರದಿಂದ ಬಿಟ್ಟೀರಿ?"

ಅವನು ಹೌದೆಂದು ತಲೆ ಹಾಕಿದ.

"ಹೂಡೂದಕ್ಕ ಸೋಮವಾರ ಬ್ಯಾಡ ಅಂದಾರರಿ ಹಿರ್ಯಾರು. ಹೂಡಿದ್ದನ್ನ ಕೊಳ್ಳ ಹರಿಯಾಕ ವಾರ ಯಾರ ಕೇಳ್ಯಾರ?"

ಸಿದ್ದರಾಮ ಅವಳನ್ನೇ ನೋಡಿದ. ಆಮೇಲೆ ಎದ್ದು ಮಾಡಕ್ಕೆ ಕೈ ಹಾಕಿದ. ಫೋನಿಗೆ ವಿಭೂತಿ ಮೆತ್ತಿತ್ತು. ತೆರೆದು ನೋಡಿದ, ನೋಡಿ ಚೇತನನ ಕೈಗೆ ಕೊಟ್ಟ. ಹಾಕಿದ ರೊಕ್ಕ ಸಾಲದಾಗಿ ಕಂಪನಿಯವರೇ ಅಷ್ಟೊತ್ತಿಗೆ ವ್ಯವಹಾರ ಮುಗಿಸಿಬಿಟ್ಟಿದ್ದರು. ಅವನ ಎತ್ತಿನ ಕೊಳ್ಳ ಮಂದಿ ಹರಿದಿದ್ದರು. ಬಿತ್ತುವ ಕಾಳು ಪೂರಾ ಹೋಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಬದುಕುತ್ತಿದ್ದ. ಎತ್ತು ಸತ್ತದ್ದನ್ನು ತಾಳಿಕೊಂಡವನಿಗೆ ಇದೇನು ದೊಡ್ಡದಲ್ಲ. ಆದರೆ ಆ ದಿನ ಮಧ್ಯಾಹ್ನದ ಮೇಲೆ ಪೇಟೆ ತಿರುಗಿತು. ಸಂಜೆಗೆ ಬಿದ್ದದ್ದರಲ್ಲಿ ಅರ್ಧ ಮೇಲೆ ಬಂದು ನಿಂತಿತು. ಅದನ್ನು ನೋಡಿದ್ದೇ ಅವನ ತಲೆ ಹೊಕ್ಕಿತು. ಉಣ್ಣಲು ಕುಳಿತರೆ "ಇನ್ನೊಂದೀಟ ತಡದಿದ್ರ" ಎನ್ನುತ್ತಿದ್ದ. ಬಸ್ಸಿನ ಕಿಟಕಿಯಲ್ಲಿ ಅದನ್ನೇ ಅನ್ನುತ್ತಿದ್ದನೋ ಏನೋ. ಅಡಿಗೆ ಮನೆಯಲ್ಲಿ ನಾಯಿ ಮಲಗಿದ ಸುದ್ದಿ ಆಮೇಲೆ ಒಂದು ದಿನವೂ ತರಲಿಲ್ಲ.

ಅಂಗಡಿಯಲ್ಲಿ ಮಿಕ್ಕ ಚೂರುಪಾರು ಕೂಡಿಸಿ ಮತ್ತೆ ಬಿತ್ತುವ ಕಾಳು ಮಾಡಿಕೊಂಡ. ಮುಂದೆ ಒಂದು ಸೋಮವಾರ ನೀಲಾಬಾಯಿ ದೀಪ ಹಚ್ಚಲು ಹೋದಾಗ ಮಾಡ ಖಾಲಿ ಇತ್ತು. ಸಿದ್ದರಾಮ ಹೊರಗೆ ಕಟ್ಟೆಯ ಮೇಲೆ ಫೋನು ಹಿಡಿದು ಕುಳಿತಿದ್ದ. ಹಣೆಯ ಮೇಲೆ ವಿಭೂತಿ ಇತ್ತು.

"ಇವತ್ತ ಸೋಮವಾರರಿ."

"ಗೊತ್ತೈತಿ. ಆ ಸೋಮವಾರನ ನನ್ನ ಮುಳುಗಿಸೈತಿ. ಇನ್ನ ಅದರ ಹಂಗು ನನಗಿಲ್ಲ."

"ಸೋಮವಾರ ಮುಳುಗಿಸಿಲ್ಲ. ಶುಕ್ರವಾರ ಸಂಜಿಕ ಕೊಳ್ಳ ಹರೀಲಿಲ್ಲ, ಅದು ಮುಳುಗಿಸೈತಿ."

"ನಿನಗೇನ ತಿಳೀತೈತಿ ಬೇ, ಸುಮ್ನಿರು."

ಮದುವೆಯಾದಂದಿನಿಂದ ಅವನು ಅವಳಿಗೆ ಹಾಗೆ ಅಂದದ್ದು ಅದೇ ಮೊದಲು. ಅವಳು ಒಳಗೆ ಹೋಗಿ ದೀಪ ಹಚ್ಚಿದಳು.

ಅಲ್ಲಿಂದ ಅವನಿಗೆ ವಾರ ಉಳಿಯಲಿಲ್ಲ. ಮೊದಲು ಸೋಮವಾರ ಹೋಯಿತು. ಆಮೇಲೆ ಸಂಜೆ ಕೊಳ್ಳ ಹರಿಯುವುದು ಹೋಯಿತು. ಆಮೇಲೆ ಮುಂಜಾನೆಯ ಗೂಟ ಹೋಯಿತು, ಅದು ಇದ್ದರೆ ಸುಮ್ಮನೆ ಹೊರಗೆ ಹಾಕುತ್ತದೆ, ಸ್ವಲ್ಪ ತಡೆದರೆ ತಿರುಗುತ್ತದೆ ಎಂದ. ತಿರುಗಿದ ದಿನ ಇನ್ನೂ ದೊಡ್ಡದು ಹೂಡಿದ. ತಿರುಗದ ದಿನ ಕಳೆದದ್ದನ್ನು ಅಂದೇ ತರಬೇಕೆಂದು ಹೂಡಿದ. ಬಿದ್ದ ಎತ್ತನ್ನು ಹೊಡೆದು ಎಬ್ಬಿಸಿ ಮತ್ತೆ ನೊಗಕ್ಕೆ ಕಟ್ಟುವುದನ್ನು ಬಬಲೇಶ್ವರದಲ್ಲಿ ಯಾವ ಕಟುಕನೂ ಮಾಡುವುದಿಲ್ಲ. ಇವನು ಮಾಡಿದ.

ತಿಕೋಟಾದಲ್ಲಿ ಅಂಗಡಿಯ ಕದ ಅರ್ಧ ತೆರೆದಿರುತ್ತಿತ್ತು. ಗಿರಾಕಿ ಬಂದು ಕೇಳಿದ ಪೈಪಿನ ಜೋಡಣೆ ಎಲ್ಲಿದೆ ಎಂದು ಹುಡುಕಿ ಸೈಫುದ್ದೀನನೇ ತೆಗೆದುಕೊಡುತ್ತಿದ್ದ. ಒಂದು ದಿನ ತಡೆಯಲಾರದೆ ಅಂದ. "ಸಿದ್ರಾಮಣ್ಣ, ಮೊದ್ಲ ನೀ ಆ ಹುಡುಗರಿಗಿ ಬುದ್ಧಿ ಹೇಳತಿದ್ದಿ. ಈಗ ಹುಡುಗರು ನಿನ್ನ ನೋಡಿ ಬುದ್ಧಿ ಕಲಿಯಾಕತ್ತಾರ."

ಸಿದ್ದರಾಮ ಫೋನಿನಿಂದ ತಲೆ ಎತ್ತಲಿಲ್ಲ. "ಕಲೀಲಿ ಬಿಡು. ಯಾರಿಂದಾದ್ರೂ ಕಲೀಲಿ."

ಸೈಫುದ್ದೀನ ಆಮೇಲೆ ಚೇಷ್ಟೆ ಮಾಡುವುದನ್ನು ಬಿಟ್ಟ.

ಉಣ್ಣುವ ಕಾಳಿಗೆ ಕೈ ಹಾಕುವ ದಿನವೂ ಬಂತು. ಅಥಣಿ ರಸ್ತೆಯ ಜಾಗ ಇಬ್ಬರ ಹೆಸರಿನಲ್ಲಿತ್ತು. ಮಾರಲು ಅವಳ ಸಹಿ ಬೇಕು. ಸಿದ್ದರಾಮ ಅಡಿಗೆ ಮನೆಯ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಹೆಗಲ ಮೇಲಿನ ಟವೆಲನ್ನು ಕುತ್ತಿಗೆಗೆ ಒತ್ತಿ ಒತ್ತಿ ಉಜ್ಜಿಕೊಳ್ಳುತ್ತಿದ್ದ. ಆ ಚಾಳಿ ಹೊಸದು.

"ಇದೊಂದ ಸಲ ನೀಲಾ. ಕಳಕೊಂಡದ್ದು ಬಂತಂದ್ರ ಸಾಕು. ಅವತ್ತ ಕೊಳ್ಳ ಹರಿದು ಬಿಡ್ತೀನಿ. ಮತ್ತ ಹೂಡಾಂವಲ್ಲ."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರೂ ಹರೀತೀನಿ. ಬಸವಣ್ಣನ ಆಣಿ."

"ಯಾವಾಗ ಹರೀತೀರಿ? ದಿನ ಹೇಳ್ರಿ."

"ಹರೀತೀನಿ ಅಂದ್ನೆಲ್ಲ."

ದಿನ ಹೇಳಲಿಲ್ಲ. ಅವಳು ಸಹಿ ಮಾಡಿದಳು. ಪಾಯದ ಆಸೆ ಬಿಟ್ಟು ಆಣೆಯನ್ನು ಕೊಂಡುಕೊಂಡಳು. ಆ ಆಣೆಯನ್ನು ಅವನು ಉಳಿಸಿಕೊಂಡರೆ ಗೋಡೆ ಇಲ್ಲದಿದ್ದರೂ ನಡೆಯುತ್ತದೆ ಎಂದುಕೊಂಡಳು. ದಿನಾ ಸಂಜೆ ಬಾಗಿಲಲ್ಲಿ ಕೇಳುತ್ತಿದ್ದಳು.

"ಕೊಳ್ಳ ಹರಿದ್ರೇನ್ರಿ?"

"ನಾಳಿಗಿ."

ನೀರು ಬೇಕೇ ಎಂದು ಕೇಳಿದ ಹಾಗೆ ಅವಳು ಕೇಳುತ್ತಿದ್ದಳು, ಬೇಡ ಎಂದ ಹಾಗೆ ಅವನು ಹೇಳುತ್ತಿದ್ದ. ಮಳೆಗಾಲ ಹೋಯಿತು. ಅವರ ಪಾಯದ ಮೇಲೆ ಯಾರೋ ಗೋಡೆ ಎಬ್ಬಿಸಿದರು. ಒಮ್ಮೆ ತಿಕೋಟಾಕ್ಕೆ ಬುತ್ತಿ ಒಯ್ಯುವಾಗ ನೀಲಾಬಾಯಿ ಬಸ್ಸಿನಿಂದ ನೋಡಿದಳು. ಅಡಿಗೆ ಮನೆ ಎಂದು ಇಟ್ಟುಕೊಂಡಿದ್ದ ಕಡೆ ಅವರು ಮೋಟಾರ್ ಸೈಕಲ್ ನಿಲ್ಲಿಸಲು ಶೆಡ್ಡು ಹಾಕಿದ್ದರು.

ಸಿದ್ದರಾಮ ತೀರಿಹೋದದ್ದು ಒಂದು ಭಾನುವಾರ ಇಳಿಹೊತ್ತಿಗೆ. ಬಬಲೇಶ್ವರಕ್ಕೆ ಅಣ್ಣನ ಮನೆಗೆ ಇಬ್ಬರೂ ಹೋಗಿದ್ದರು. ಅಣ್ಣ ಕರೆದಿದ್ದ, ಎರಡು ದಿನ ಇದ್ದು ಹೋಗಿರಿ, ತಮ್ಮನ ಮುಖ ಬಾಡಿದೆ ಎಂದಿದ್ದ. ಸಿದ್ದರಾಮ ದನದ ಕೊಟ್ಟಿಗೆಯ ಮುಂದೆ ಕಲ್ಲಿನ ಮೇಲೆ ಕುಳಿತು ಅಣ್ಣನ ಎತ್ತುಗಳನ್ನು ನೋಡುತ್ತಿದ್ದ.

"ನೀರು ಕೊಡು ನೀಲಾ" ಎಂದ. ಅವಳು ಚರಿಗೆ ತುಂಬಿಕೊಂಡು ಬಂದಳು. ಅವನು ಕಂಬಕ್ಕೆ ಒರಗಿದ್ದ. ಕಣ್ಣು ಎತ್ತಿನ ಕಡೆಗೇ ಇತ್ತು. ಚರಿಗೆ ಹಿಡಿದುಕೊಂಡು ಅವಳು ಬಹಳ ಹೊತ್ತು ನಿಂತಳು. ಎದೆಯ ನೋವು ಎಂದು ಅವನು ಎಂದೂ ಹೇಳಿರಲಿಲ್ಲ. ಹೇಳುವವನೂ ಅಲ್ಲ.

ಮರುದಿನ ಸೋಮವಾರ. ಮಗಳು ನಂದಾ ಬೆಳಗಿನ ಬಸ್ಸಿಗೆ ಬಂದು ಅತ್ತಳು. ಹೆಣವನ್ನು ಮೀಯಿಸಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆಯವರು ತಾಳ ಹಿಡಿದು ಕುಳಿತಿದ್ದರು. ಹೊಲದ ಬದುವಿನಲ್ಲಿ ಕುಣಿ ಆಗಿತ್ತು. ಸತ್ತ ಎತ್ತನ್ನು ಇಟ್ಟ ಬದು ಅದೇ. ಕ್ರಿಯೆ ಮಾಡಿಸುವ ಅಯ್ಯನವರು ಬರುವುದನ್ನು ಮಂದಿ ಕಾಯುತ್ತಿದ್ದರು. ತಿಕೋಟಾದಿಂದ ಸೈಫುದ್ದೀನ ಹೂವಿನ ಮಾಲೆ ತಂದಿದ್ದ. ಕೊಟ್ಟಿಗೆಯಲ್ಲಿ ಮೈ ತೊಳೆದ ಎತ್ತುಗಳು ಹಣೆಗೆ ವಿಭೂತಿ ಹಚ್ಚಿಸಿಕೊಂಡು ಮೆಲುಕು ಹಾಕುತ್ತಿದ್ದವು. ಸಾವಿನ ಮನೆಯಲ್ಲೂ ಅಣ್ಣ ಅದನ್ನು ಬಿಟ್ಟಿರಲಿಲ್ಲ.

ನೀಲಾಬಾಯಿ ಅಳಲಿಲ್ಲ. ಹೆಂಗಸರು "ಅತ್ತು ಬಿಡವ್ವ" ಎಂದರು. ಅವಳು ಗಂಡನ ಕುತ್ತಿಗೆ ನೋಡುತ್ತಿದ್ದಳು. ಟವೆಲು ಉಜ್ಜಿ ಉಜ್ಜಿ ಅಲ್ಲಿ ಕಪ್ಪಾಗಿತ್ತು. ನೋಡುತ್ತಾ ನೋಡುತ್ತಾ ಶುಕ್ರವಾರ ಸಂಜೆ ಬಾಗಿಲಲ್ಲಿ ತಾನು ಕೇಳಿದ್ದು ನೆನಪಾಯಿತು. ನಾಳಿಗಿ ಎಂದಿದ್ದ. ಶನಿವಾರ ಪೇಟೆ ಇರುವುದಿಲ್ಲ.

ಎದ್ದಳು. ಗೋಡೆಯ ಗೂಟಕ್ಕೆ ಹಾಕಿದ್ದ ಅವನ ಅಂಗಿಯ ಜೇಬಿನಿಂದ ಫೋನು ತೆಗೆದಳು. ಅಂಗಳದಲ್ಲಿ ಚೇತನ ಕೊಟ್ಟಿಗೆಯ ಮರೆಗೆ ನಿಂತಿದ್ದ. ಮುಖ ಬಾತಿತ್ತು.

"ಚೇತನಾ, ಇವರದು ನೊಗದಾಗ ಏನರ ಐತೇನು?"

ಅವನು ನೆಲ ನೋಡಿದ.

"ಕೇಳಾಕತ್ತೀನಿ."

"ಐತಿ ಚಿಗವ್ವ. ಶುಕ್ರವಾರ ನನಗ ಹೇಳಿದ್ರು. ದೊಡ್ಡದೈತಿ."

"ಹರಿ ಅದನ್ನ."

"ಈಗ?"

"ಪೇಟಿ ತೆರದಿಲ್ಲೇನು?"

"ತೆರದೈತಿ."

ಅವಳು ಫೋನು ಬೆಳಗಿಸಿದಳು. ಬೀಗ ತೆರೆಯಲು ಸಿದ್ದರಾಮ ಚುಕ್ಕೆಗಳ ಮೇಲೆ ಬೆರಳು ಎಳೆಯುತ್ತಿದ್ದ, ಮೇಲಿಂದ ಕೆಳಗೆ, ಕೆಳಗಿಂದ ಅಡ್ಡ, ಕುಂಟೆಯ ಹಾಗೆ. ಯಾರೂ ಕಲಿಸಿದ್ದಲ್ಲ. ಪಕ್ಕದಲ್ಲಿ ಕುಳಿತು ನೋಡಿ ನೋಡಿ ಬಂದದ್ದು. ಎಳೆದಳು, ತೆರೆಯಿತು. ಚೇತನನ ಕೈಗೆ ಕೊಟ್ಟಳು.

ಪಡಸಾಲೆಯಲ್ಲಿದ್ದವರು ನೋಡತೊಡಗಿದ್ದರು. ಮೈದುನನ ಹೆಂಡತಿ ಹೆಣ ಬಿಟ್ಟು ಫೋನು ಹಿಡಿದಿದ್ದಾಳೆಂದು ಯಾರೋ ಹೇಳಿರಬೇಕು, ಸಿದ್ದರಾಮನ ಅತ್ತಿಗೆ ಬಂದಳು. ಹಿಂದೆಯೇ ಬಂದ ಅಣ್ಣ ಕೇಳಿದ. "ಏನ್ ನಡಸೀರಿ ಇಲ್ಲಿ? ಇದು ಹೊತ್ತೇನವ್ವ ನೀಲಾ? ಮಂದಿ ಏನಂದಾರು? ಮಣ್ಣ ಆಗಲಿ, ಆಮ್ಯಾಲ ನೋಡೋಣು."

"ಆಮ್ಯಾಲ ಆಗೂದಿಲ್ಲರಿ ಭಾವಾ. ನೊಗ ಹೊತಗೊಂಡು ಕುಣಿಗಿ ಇಳಿಯೂದು ಬ್ಯಾಡ ಅವರು. ಹರೀತೀನಿ ಅಂತ ಆಣಿ ಹಾಕಿದ್ರು."

ಅಣ್ಣನಿಗೆ ಫೋನಿನ ಮಾತು ತಿಳಿಯಲಿಲ್ಲ. ನೊಗದ ಮಾತು ತಿಳಿಯಿತು. ಹಿಂದಕ್ಕೆ ಸರಿದು ಎತ್ತಿನ ಪಕ್ಕ ನಿಂತ.

ಚೇತನ ಫೋನು ನೋಡುತ್ತಿದ್ದ. ಅವನ ಬೆರಳು ಒತ್ತಲಿಲ್ಲ. ದನಿ ಇಳಿಸಿ ಅಂದ. "ಚಿಗವ್ವ, ಈಗ ನಷ್ಟದಾಗ ಐತಿ. ಆದರ ಮುಂಜಾನಿಂದ ಮ್ಯಾಲ ಬರಾಕತ್ತೈತಿ. ನಿನಗ ಮುಂದ ಯಾರೂ ಇಲ್ಲ. ಇನ್ನೊಂದೀಟ ತಡದ್ರ…"

ಆ ಮಾತು ಕೇಳಿ ಅವಳಿಗೆ ಅಲ್ಲಿಯವರೆಗೆ ಬಾರದ ಅಳು ಬಂತು. ತಡೆದುಕೊಂಡಳು. ಸೆರಗು ಬಾಯಿಗೆ ಒತ್ತಿ ಹಿಡಿದು, ಬಿಟ್ಟಳು.

"ಏರಲಿ, ಇಳೀಲಿ, ನನಗ ಹೇಳಬ್ಯಾಡ. ಹರಿ."

"ಇವತ್ತ ಸೋಮವಾರ ಚಿಗವ್ವ" ಎಂದ ಅವನು, ಬೇರೆ ಏನೂ ತೋಚದೆ.

"ಹರಿಯಾಕ ವಾರಿಲ್ಲಪಾ" ಎಂದವನು ಸೈಫುದ್ದೀನ. ಮಾಲೆ ಇನ್ನೂ ಅವನ ಕೈಯಲ್ಲೇ ಇತ್ತು. "ಆಕಿ ಹೇಳಿದಂಗ ಮಾಡು."

ಚೇತನ ಒತ್ತಿದ. ಮತ್ತೆ ಒಮ್ಮೆ ಒತ್ತಿದ. ಕಣ್ಣೊರೆಸಿಕೊಂಡು ತೆರೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಅಯ್ಯನವರು ಬಂದರೆಂದು ಯಾರೋ ಬಾಗಿಲಲ್ಲಿ ಕೂಗಿದರು, ಭಜನೆಯವರು ಏಳತೊಡಗಿದರು.

"ಆತು ಚಿಗವ್ವ. ಈಗ ಏನೂ ಇಲ್ಲ."

"ಪೂರಾ?"

"ಪೂರಾ. ಬರಿಗೈ."

ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಅವಳು ಕೇಳಲಿಲ್ಲ. ಫೋನು ತೆಗೆದುಕೊಂಡು ಒಳಗೆ ಹೋದಳು. ಅಣ್ಣನ ಮನೆಯ ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಳು. ಬಂದು ಗಂಡನ ಹೆಗಲ ಮೇಲಿನ ಟವೆಲು ತೆಗೆದು ಮಡಚಿದಳು. ಕಪ್ಪಾದ ಕುತ್ತಿಗೆಗೆ ಅಂಗೈ ಇಟ್ಟಳು. ತಣ್ಣಗಿತ್ತು.

"ಈಗ ನಡೀರಿ" ಎಂದಳು.

ಮಂದಿ ತಮಗೆ ಹೇಳಿದಳೆಂದುಕೊಂಡು ಹೆಣಕ್ಕೆ ಕೈ ಹಚ್ಚಿದರು.